‘ಇಬ್ಬನಿ’ ಅಂತ ಹೆಸರಿಟ್ಟರೆ ಜನ ನಗುತ್ತಾರಾ?

ಪ್ರಶ್ನೆ: ಮೇಡಂ, ಎರಡು ತಿಂಗಳ ಹಿಂದೆ ನನಗೆ ಹೆಣ್ಣು ಮಗು ಆಯಿತು. ‘ಇಬ್ಬನಿ’ ಅಂತ ಹೆಸರಿಡಬೇಕು ಅಂತ ನನಗೂ ನನ್ನ ಗಂಡನಿಗೂ ಆಸೆ. ಮನೆಯಲ್ಲಿ ಹೇಳಿದ ದಿನದಿಂದ ನೆಮ್ಮದಿ ಇಲ್ಲ. ‘ಬಿಸಿಲು ಬಂದ್ರೆ ಆರಿಹೋಗೋದನ್ನ ಯಾರಾದ್ರೂ ಮಗೂಗೆ ಇಡ್ತಾರಾ’ ಅಂತ ಅತ್ತೆ ಕಣ್ಣಲ್ಲಿ ನೀರು ಹಾಕಿಕೊಂಡರು. ನಾದಿನಿ ಮೊಬೈಲಿನಲ್ಲಿ ಹುಡುಕಿ ‘ಕೃಶಾ’ ಅನ್ನೋ ಹೆಸರು ತಂದಿದ್ದಾಳೆ, ‘ದೈವಿಕ’ ಅಂತ ಅರ್ಥವಂತೆ. ಪುರೋಹಿತರು ಆರಿದ್ರಾ ನಕ್ಷತ್ರ ಮೂರನೇ ಪಾದ, ‘ಙ’ ಅಕ್ಷರ ಬಂದಿದೆ ಅನ್ನುತ್ತಾರೆ. ಆಫೀಸಿನಲ್ಲಿ ಒಬ್ಬರು ‘ಇದು ಹೆಸರಾ, ಹವಾಮಾನ ವರದಿನಾ’ ಅಂತ ನಕ್ಕರು. ಮುಂದೆ ಶಾಲೆಯಲ್ಲಿ ಮಕ್ಕಳು ಆಡಿಕೊಂಡರೆ ಅಂತ ಈಗ ನನಗೇ ಭಯ. ಮುಂದಿನ ತಿಂಗಳು ನಾಮಕರಣ. ಏನು ಮಾಡಲಿ?
– ದಾವಣಗೆರೆಯವರು, ಈಗ ಬೆಂಗಳೂರಿನಲ್ಲಿ

ಉತ್ತರ: ನಿಮ್ಮ ಪತ್ರ ಓದಿ ಮುಗಿಸಿದವಳೇ ಅಡುಗೆಮನೆ ಬಾಗಿಲಲ್ಲಿ ನಿಂತು, ಹಿತ್ತಲಿಗೆ ಕೇಳುವ ಹಾಗೆ ‘ಇಬ್ಬನೀ, ಊಟಕ್ಕೆ ಬಾ’ ಅಂತ ಒಂದು ಸಲ ಕೂಗಿ ನೋಡಿದೆ. ಹೆಸರಿನ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಮಾಡುವುದು ಇದನ್ನೇ. ಹೆಸರು ಇರುವುದು ಕರೆಯುವುದಕ್ಕೆ ಅಲ್ವಾ? ನಿಮ್ಮ ಹೆಸರು ಚೆನ್ನಾಗಿ ಕೂಗೋಕೆ ಬರುತ್ತದೆ. ಕೊನೆಯ ‘ನೀ’ ಎಳೆದಷ್ಟೂ ಎಳೆಯುತ್ತದೆ, ನಾಲ್ಕು ಮನೆ ಆಚೆ ಆಡುವ ಮಗುವಿಗೂ ಕೇಳುತ್ತದೆ.

ಹಾಗಾಗಿ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಧೈರ್ಯವಾಗಿ ಇಡಿ. ಆದರೆ ಅತ್ತೆಯ ಮಾತನ್ನು ಮಾತ್ರ ತಳ್ಳಿಹಾಕಬೇಡಿ. ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಅವರ ಮಾತೇ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆಫೀಸಿನವರ ನಗು. ಅವರ ಮನೆಯಲ್ಲೋ ನೆಂಟರಲ್ಲೋ ‘ತುಷಾರ್’ ಅನ್ನುವವರು ಒಬ್ಬರಾದರೂ ಇರುತ್ತಾರೆ. ತುಷಾರ ಅಂದರೆ ಹಿಮ, ಮಂಜು. ‘ತುಹಿನಾ’ ಅಂದರೂ ಅದೇ. ‘ಶಬನಂ’ ಪಾರ್ಸಿಯಿಂದ ಬಂದದ್ದು, ಅದರ ಅರ್ಥ ನೇರವಾಗಿ ಇಬ್ಬನಿ ಅಂತಲೇ. ಈ ಮೂರು ಹೆಸರು ಕೇಳಿ ಯಾರೂ ಹವಾಮಾನ ವರದಿ ಅಂದಿಲ್ಲ. ಅದನ್ನೇ ಕನ್ನಡದಲ್ಲಿ ಹೇಳಿದ ತಕ್ಷಣ ನಗು ಬಂತು. ಯಾಕೆ ಅಂದರೆ, ಇದು ಅರ್ಥವಾಯಿತು! ನಾನು ಇಷ್ಟು ವರ್ಷದಲ್ಲಿ ನೋಡಿದ್ದು ಇದನ್ನೇ. ನಮ್ಮವರಿಗೆ ವಿಚಿತ್ರ ಅನಿಸುವುದು ಅರ್ಥವಾಗದ ಹೆಸರಲ್ಲ, ಕಿವಿಗೆ ಬಿದ್ದ ಕೂಡಲೇ ಅರ್ಥವಾಗಿಬಿಡುವ ಹೆಸರು. ತಾರಾ ಸರಿ, ಚುಕ್ಕಿ ಅಂದರೆ ‘ಅದೇನು ಹೆಸರು’. ರವಿ ಸರಿ, ನೇಸರ ಅಂದರೆ ಹುಬ್ಬು ಮೇಲೇರುತ್ತದೆ. ಸುವರ್ಣಾ ಅಂದರೆ ಪೇಟೆಯ ಹೆಸರು, ಚಿನ್ನಮ್ಮ ಅಂದರೆ ಹಳ್ಳಿಯ ಹೆಸರು. ಪುಷ್ಪಾ ಮತ್ತು ಹೂವಮ್ಮನ ಕಥೆಯೂ ಅಷ್ಟೇ. ಕಿತ್ತೂರಿನ ರಾಣಿಯ ಹೆಸರು ಚೆನ್ನಮ್ಮ, ಅಂದರೆ ಚೆನ್ನಾಗಿರುವವಳು. ಬೆಂಗಳೂರು ಕಟ್ಟಿಸಿದವರ ಹೆಸರಿನಲ್ಲಿರುವುದು ಕೆಂಪು. ಈ ಹೆಸರುಗಳನ್ನು ಹೇಳುವಾಗ ನಮಗೆ ಹೆಮ್ಮೆ. ಮಗುವಿಗೆ ಇಡುವಾಗ ಮಾತ್ರ ಸಂಕೋಚ.

‘ಇಬ್ಬನಿ’ಯಲ್ಲಿರುವ ‘ಬನಿ’ ಏನು ಗೊತ್ತಾ? ನಮ್ಮ ‘ಹನಿ’ಯೇ. ಹಳಗನ್ನಡದಲ್ಲಿ ಅದು ‘ಪನಿ’. ತಮಿಳಿನಲ್ಲಿ ಇವತ್ತಿಗೂ ಪನಿ ಅಂದರೆ ಮಂಜು. ಪದದ ಮೊದಲಿದ್ದ ‘ಪ’ ಕನ್ನಡದಲ್ಲಿ ‘ಹ’ ಆಯಿತು, ಪಾಲು ಹಾಲಾಯಿತು, ಪೂ ಹೂವಾಯಿತು, ಪನಿ ಹನಿಯಾಯಿತು. ಇಬ್ಬನಿಯ ಒಳಗೆ ಮಾತ್ರ ಅದು ‘ಬ’ ಆಗಿ ಹಾಗೇ ಉಳಿದುಕೊಂಡಿತು. ಇಷ್ಟು ಹಳೆಯ ಮಾತು ಇದು. ಆಫೀಸಿನಲ್ಲಿ ಮತ್ತೆ ಯಾರಾದರೂ ಕೇಳಿದರೆ ಇದಿಷ್ಟು ಹೇಳಿ, ಸಾಕು.

ಈಗ ‘ಕೃಶಾ’. ನಾದಿನಿಗೆ ಬೇಜಾರಾಗದ ಹಾಗೆ ನೀವೇ ತಿಳಿಸಿ ಹೇಳಬೇಕು. ಕೃಶ ಅಂದರೆ ಬಡಕಲು, ಸೊರಗಿದ್ದು. ‘ಕೃಶಕಾಯ’ ಅಂತ ಓದಿರುತ್ತೀರಿ, ಅದೇ ಕೃಶ. ಕೃಷ್ಣನಿಗೂ ಅದಕ್ಕೂ ಸಂಬಂಧ ಇಲ್ಲ. ಮೊಬೈಲಿನಲ್ಲಿ ಹೆಸರು ಹುಡುಕುವುದು ತಪ್ಪಲ್ಲ, ನಾನೂ ನೋಡುತ್ತೇನೆ. ಆದರೆ ಅಲ್ಲಿ ಬರೆದ ಅರ್ಥವನ್ನು ನಂಬಿ ಅರ್ಜಿ ತುಂಬಬೇಡಿ ಅಂತ ಸಿಕ್ಕವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಎಷ್ಟೋ ಕಡೆ ‘ಆರವ್’ ಅಂದರೆ ಶಾಂತ ಅಂತ ಬರೆದಿರುತ್ತಾರೆ. ಕನ್ನಡ ಬಲ್ಲವರಿಗೆ ‘ಕಲರವ’ ಗೊತ್ತು, ಹಕ್ಕಿಗಳ ಇಂಪಾದ ಸದ್ದು. ರವ ಅಂದರೆ ಸದ್ದು, ಆರವ ಅಂದರೂ ಸದ್ದೇ, ಕೂಗೇ. ಶಾಂತ ಬೇಕು ಅಂದರೆ ‘ನೀರವ’ ಇದೆ. ‘ಅನಯಾ’ ಅಂತ ಇನ್ನೊಂದು ಹೆಸರು, ತುಂಬಾ ಮುದ್ದಾಗಿ ಕೇಳಿಸುತ್ತದೆ. ಸಂಸ್ಕೃತದಲ್ಲಿ ನಯ ಅಂದರೆ ಒಳ್ಳೆಯ ನಡತೆ, ಅನಯ ಅಂದರೆ ಅದಿಲ್ಲದ್ದು, ಕೆಟ್ಟ ನಡತೆ, ಕೇಡು. ಅರಬ್ಬಿಯ ‘ಇನಾಯಾ’ ಅಂದರೆ ಕಾಳಜಿ, ಅದು ಬೇರೆಯೇ ಪದ. ಎರಡೂ ಒಂದರೊಳಗೊಂದು ಸೇರಿಹೋಗಿವೆ. ಈ ಹೆಸರಿನ ಮಕ್ಕಳ ಅಪ್ಪ ಅಮ್ಮ ಇದನ್ನು ಓದುತ್ತಿದ್ದರೆ ದಯವಿಟ್ಟು ನೊಂದುಕೊಳ್ಳಬೇಡಿ, ಹೆಸರಿಟ್ಟ ಮೇಲೆ ಅದು ಆ ಮಗುವಿನದು, ನಿಘಂಟಿನದಲ್ಲ. ಇನ್ನೂ ಇಡಬೇಕಾದವರು ಮಾತ್ರ ಒಂದು ಸಲ ಪುಟ ತಿರುವಿ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟದ ನಿಘಂಟು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತದೆ, 1894ರ ಕಿಟೆಲ್ ನಿಘಂಟು ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತದೆ. ಐದು ನಿಮಿಷದ ಕೆಲಸ.

ಹೊಸ ಹೆಸರುಗಳ ಮೇಲೆ ನನಗೆ ಸಿಟ್ಟಿಲ್ಲ. 28 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದೆ, ಹಾಜರಿ ಪುಸ್ತಕ ಬದಲಾಗಿದ್ದನ್ನು ಕಣ್ಣಾರೆ ನೋಡಿದೆ. ನಾನು ಸೇರಿದಾಗ ಒಂದೇ ಕ್ಲಾಸಿನಲ್ಲಿ ನಾಲ್ಕು ಮಂಜುನಾಥ, ಮೂರು ಸುಮ. ಎಂ. ಮಂಜುನಾಥ, ಕೆ. ಮಂಜುನಾಥ ಅಂತ ಇನಿಷಿಯಲ್ ಹಿಡಿದು ಕರೆಯಬೇಕಿತ್ತು. ನಿವೃತ್ತಿ ಆಗುವ ಹೊತ್ತಿಗೆ ಸಾನ್ವಿ, ತನ್ವಿ, ಮಾನ್ವಿ, ಶಾನ್ವಿ ಒಂದೇ ಬೆಂಚಿನಲ್ಲಿ ಕೂತಿರುತ್ತಿದ್ದರು. ಒಬ್ಬಳನ್ನು ಕರೆದರೆ ನಾಲ್ವರೂ ಎದ್ದು ನಿಲ್ಲುತ್ತಿದ್ದರು. ಪಾಪ, ಅವರ ಮನೆಯವರೆಲ್ಲ ‘ಯಾರೂ ಇಡದ ಹೆಸರು ಬೇಕು’ ಅಂತಲೇ ಹುಡುಕಿರುತ್ತಾರೆ. ಎಲ್ಲರೂ ಒಂದೇ ಕಡೆ ಹುಡುಕಿದ್ದರಿಂದ ಎಲ್ಲರಿಗೂ ಒಂದೇ ಥರದ್ದು ಸಿಕ್ಕಿತು. ನಿಮ್ಮ ಇಬ್ಬನಿಗೆ ಆ ತೊಂದರೆ ಸದ್ಯಕ್ಕಂತೂ ಇಲ್ಲ.

ಇನ್ನೊಂದು ವಿಷಯ ಹಾಜರಿ ಕೂಗುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ನಮ್ಮ ಕನ್ನಡದ ಬಾಯಿಗೆ ಪದ ಸ್ವರದಲ್ಲಿ ಮುಗಿಯಬೇಕು. ಬಸ್ಸು, ಕಾರು, ಪೆನ್ನು ಅಂತೀವಲ್ಲ, ಹಾಗೆ. ‘ರಿಯಾನ್ಶ್’ ಅಂತ ಇಟ್ಟರೆ ಅಜ್ಜಿ ಬಾಯಲ್ಲಿ ಅದು ರಿಯಾಂಸು ಆಗುತ್ತದೆ. ‘ವಿಹಾನ್’ ಹಳೇ ಮೈಸೂರು ಕಡೆಯ ಹಳ್ಳಿಗೆ ಹೋದರೆ ಹಕಾರ ಬಿದ್ದು ವಿಯಾನ ಆಗುತ್ತಾನೆ, ಧಾರವಾಡದ ಕಡೆ ಪ್ರೀತಿಯಿಂದ ವಿಹಾನಪ್ಪ ಆಗುತ್ತಾನೆ. ಅಜ್ಜಿ ತಪ್ಪು ಹೇಳುತ್ತಾಳೆ ಅಂತ ಮಗುವಿನ ಮುಂದೆ ತಿದ್ದುವವರನ್ನು ನೋಡಿದ್ದೇನೆ, ನನಗೆ ಸಂಕಟ ಆಗುತ್ತದೆ. ಮೊಮ್ಮಗುವಿನ ಹೆಸರು ಹೇಳೋಕೆ ಅಜ್ಜಿ ಹೆದರಬೇಕಾದ ಪರಿಸ್ಥಿತಿ ಯಾವ ಮನೆಗೂ ಬೇಡ. ಇಬ್ಬನಿ ಅನ್ನೋಕೆ ನಿಮ್ಮ ಅತ್ತೆಗೆ ಏನೂ ಕಷ್ಟ ಇಲ್ಲ ನೋಡಿ. ಅವರು ದಿನಾ ಬಳಸುವ ಮಾತೇ ಅದು.

ಈಗ ಅತ್ತೆಯ ಮಾತಿಗೆ ಬರುತ್ತೇನೆ.

ಅವರು ‘ಹೆಸರು ಚೆನ್ನಾಗಿಲ್ಲ’ ಅನ್ನಲಿಲ್ಲ, ‘ಹೊಸದು’ ಅನ್ನಲಿಲ್ಲ, ‘ಆರಿಹೋಗೋದು’ ಅಂದರು. ಅವರಿಗಿರುವುದು ಮಗುವಿನ ಆಯಸ್ಸಿನ ಭಯ. ಇದನ್ನು ನನಗೆ ಅರ್ಥ ಮಾಡಿಸಿದ್ದು ಒಬ್ಬ ವಿದ್ಯಾರ್ಥಿಯ ತಾಯಿ. ಹತ್ತನೇ ಕ್ಲಾಸಿನ ಪರೀಕ್ಷೆ ಅರ್ಜಿ ತುಂಬುವ ದಿನಗಳು. ಹುಚ್ಚಪ್ಪ ಅಂತ ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಯಾರೂ ಇಲ್ಲದ್ದನ್ನು ನೋಡಿಕೊಂಡು, ‘ಮೇಡಂ, ಮಾರ್ಕ್ಸ್ ಕಾರ್ಡಲ್ಲಿ ಹರ್ಷ ಅಂತ ಹಾಕಿಸಬಹುದಾ’ ಅಂತ ಕೇಳಿದ. ಮನೆಯಿಂದ ಯಾರನ್ನಾದರೂ ಕರೆದುಕೊಂಡು ಬಾ ಅಂದೆ. ಮಾರನೇ ದಿನ ತಾಯಿ ಬಂದರು, ಸೆರಗಿನ ತುದಿಯಲ್ಲಿ ಬಸ್ ಚಾರ್ಜಿನ ಚಿಲ್ಲರೆ ಗಂಟು ಹಾಕಿಕೊಂಡಿದ್ದರು. ನಿಂತೇ ಮಾತಾಡಿದರು. ‘ಇವನಿಗಿಂತ ಮುಂಚೆ ಮೂರು ಹೋದವು ಟೀಚರಮ್ಮ. ಇವನಿಗೆ ಒಳ್ಳೆ ಹೆಸರಿಡೋಕೆ ಧೈರ್ಯ ಬರಲಿಲ್ಲ. ಈ ಹೆಸರೇ ಇವನನ್ನ ಉಳಿಸಿದ್ದು.’ ಆಮೇಲೆ ಹುಡುಗನ ಕಡೆ ತಿರುಗಿ, ಈಗ ಬೇಕಾದರೆ ಬದಲಾಯಿಸಿಕೋ ಅಂದರು. ಪತ್ರದಲ್ಲಿ ಬದಲಾಯಿತು. ಅವತ್ತು ಗೇಟಿನ ಹತ್ತಿರ ಹೋಗಿ ಅವರು ಕೂಗಿದ್ದು ಮಾತ್ರ ‘ಹುಚ್ಚಾ, ಬರೋ’ ಅಂತಲೇ.

ನಮ್ಮ ಕಡೆ ಇಂಥ ಹೆಸರುಗಳು ರಾಶಿ ಇವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಮ್ಮ, ತಿಪ್ಪಯ್ಯ ಅಂದರು. (ಚಿತ್ರದುರ್ಗದ ಕಡೆಯ ತಿಪ್ಪೇಸ್ವಾಮಿ ಬೇರೆ, ಅದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದ ಬಂದದ್ದು.) ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ ಗುಂಡಪ್ಪ, ಕಲ್ಲಪ್ಪ. ಯಾರ ಕಣ್ಣೂ ಬೀಳದಿರಲಿ ಅಂತ ಬೇಕಂತಲೇ ಕೆಟ್ಟ ಹೆಸರು. ಆ ಕಾಲದ ಅಮ್ಮಂದಿರು ಹೆಸರಿನಿಂದಲೇ ಮಗುವಿಗೆ ಬೇಲಿ ಹಾಕುತ್ತಿದ್ದರು. ನಿಮ್ಮ ಅತ್ತೆ ಆ ಕಾಲದ ತುದಿಯಲ್ಲಿ ಬೆಳೆದವರು. ‘ಆರಿಹೋಗುವ’ ಹೆಸರು ಅವರ ಕಿವಿಗೆ ಬೇಲಿ ತೆಗೆದ ಹಾಗೆ ಕೇಳಿಸಿದೆ. ಅವರ ಮುಂದೆ ತುಷಾರ, ತುಹಿನಾ ಅಂತ ವಾದ ಮಾಡಿ ಉಪಯೋಗ ಇಲ್ಲ. ಒಂದು ಸಂಜೆ ಹತ್ತಿರ ಕೂತು, ಈ ಹೆಸರು ಕೇಳಿದರೆ ನಿಮಗೆ ಏನು ನೆನಪಾಗುತ್ತೆ ಅಂತ ಕೇಳಿ. ಅವರು ಹೇಳಲಿ, ನೀವು ಕೇಳಿಸಿಕೊಳ್ಳಿ. ನೀವು ಕಂಡ ಇಬ್ಬನಿ ಯಾವುದು ಅಂತಲೂ ಹೇಳಿ. ಹಿಂಗಾರಿನಲ್ಲಿ ಕಡಲೆ ಗಿಡಕ್ಕೆ ಇಬ್ಬನಿ ಬಿದ್ದರೆ ಒಳ್ಳೆಯದು ಅಂತ ನಮ್ಮ ರೈತರು ಹೇಳುತ್ತಾರೆ, ಬೆಳಗ್ಗೆ ಆ ಹೊಲಕ್ಕೆ ಇಳಿದರೆ ಸೀರೆ ಅಂಚು ಒದ್ದೆಯಾಗುತ್ತದೆ, ಸೊಪ್ಪು ನೆಕ್ಕಿದರೆ ಹುಳಿ. ಹೊಲ ಮನೆ ಕಂಡ ಹೆಂಗಸಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜೊತೆಗೆ ಇನ್ನೊಂದು ದಾರಿ ನಮ್ಮ ಸಂಪ್ರದಾಯದಲ್ಲೇ ಇದೆ, ಬಹಳ ಮನೆಗಳಲ್ಲಿ ಮರೆತಿದ್ದಾರೆ. ಶಾಸ್ತ್ರ ಪ್ರಕಾರ ನಾಮಕರಣದಲ್ಲಿ ಒಂದೇ ಹೆಸರಲ್ಲ. ದೇವತಾ ನಾಮ, ಮಾಸ ನಾಮ, ನಕ್ಷತ್ರ ನಾಮ, ವ್ಯವಹಾರ ನಾಮ ಅಂತ ನಾಲ್ಕು ಇವೆ. ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಿಂದ ಬರೆಯುವಾಗ ಇವೆಲ್ಲವನ್ನೂ ಬರೆಯುವ ಮನೆಗಳು ಈಗಲೂ ಇವೆ. ಊರಿಗೆಲ್ಲ ಗೊತ್ತಾಗುವುದು ವ್ಯವಹಾರ ನಾಮ, ಅದು ಇಬ್ಬನಿ ಇರಲಿ. ದೇವರ ಹೆಸರನ್ನು ಅತ್ತೆ ಆರಿಸಲಿ, ಮನೆದೇವರ ಹೆಸರೇ ಇರಲಿ, ಮಗುವಿನ ಕಿವಿಯಲ್ಲಿ ಅವರೇ ಹೇಳಲಿ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಆ ಮಗು ಅಜ್ಜಿಗೆ ಆ ಹೆಸರಿನಿಂದಲೇ ಓಗೊಡುತ್ತದೆ, ನೋಡುತ್ತಿರಿ.

‘ಙ’ ಅಕ್ಷರದ ಚಿಂತೆಯೂ ಇದರಲ್ಲೇ ಮುಗಿಯುತ್ತದೆ. 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಆರಿದ್ರಾಕ್ಕೆ ಕು, ಘ, ಙ, ಛ. ಙಕಾರದಿಂದ ಶುರುವಾಗುವ ಪದ ನಮ್ಮ ಬಳಕೆಯಲ್ಲಿ ಇಲ್ಲ. ಹಸ್ತ ನಕ್ಷತ್ರದವರಿಗೆ ಣ, ಉತ್ತರಾಭಾದ್ರದವರಿಗೆ ಞ ಬಂದಾಗಲೂ ಇದೇ ಪೇಚಾಟ. ಪುರೋಹಿತರು ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ಕೊಡುತ್ತಾರೆ, ಅದನ್ನು ನಕ್ಷತ್ರ ನಾಮಕ್ಕೆ ಬಳಸಿ. ಕರೆಯುವ ಹೆಸರು ಅದೇ ಅಕ್ಷರದಲ್ಲಿ ಇರಲೇಬೇಕು ಅಂತ ಕಟ್ಟುಪಾಡಿಲ್ಲ. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಜಾತಕದ ಹೆಸರೇ ಬೇರೆ, ಕರೆಯುವ ಹೆಸರೇ ಬೇರೆ.

ಜನ ಏನಂತಾರೆ ಅನ್ನೋದಕ್ಕೆ ಒಂದು ಮಾತು. ರಾಮನಗರದ ಕಡೆ ಬಿಡದಿ ಹತ್ತಿರ ಭದ್ರಾಪುರ ಅಂತ ಇದೆ, ಹಕ್ಕಿಪಿಕ್ಕಿ ಜನ ನೆಲೆ ನಿಂತ ಊರು. ಅಲ್ಲಿ ಹೈಕೋರ್ಟ್, ಕಾಫಿ, ಮೈಸೂರ್ ಪಾಕ್, ಗೂಗಲ್ ಅನ್ನೋ ಹೆಸರಿನವರಿದ್ದಾರೆ. ಕಾಡಿನಿಂದ ಊರಿಗೆ ಬಂದಾಗ ಕಂಡದ್ದು, ಮೆಚ್ಚಿದ್ದು ಮಕ್ಕಳ ಹೆಸರಾಯಿತು. ಹೊರಗಿನವರು ಕ್ಯಾಮೆರಾ ಹಿಡಿದು ಹೋಗಿ ನಗುತ್ತಾರೆ. ಆದರೆ ಆ ಊರಿನ ಒಳಗೆ ಅದು ಸುಮ್ನೆ ಒಂದು ಹೆಸರು, ನಮಗೆ ಮಂಜುನಾಥ ಇದ್ದ ಹಾಗೆ. ತುಳುನಾಡಿನಲ್ಲಿ ಶುಕ್ರವಾರ ಹುಟ್ಟಿದವನು ತುಕ್ರ, ಶನಿವಾರದವನು ತನಿಯ. ಕುವೆಂಪು 1938ರಲ್ಲಿ ಹುಟ್ಟಿದ ಮಗನಿಗೆ ಪೂರ್ಣಚಂದ್ರ ತೇಜಸ್ವಿ ಅಂತಲೂ ಇನ್ನೊಬ್ಬ ಮಗನಿಗೆ ಕೋಕಿಲೋದಯ ಚೈತ್ರ ಅಂತಲೂ ಇಟ್ಟರು. ತಮ್ಮ ತಂದೆಯ ಹೆಸರು ವೆಂಕಟಪ್ಪ, ತಮ್ಮದು ಪುಟ್ಟಪ್ಪ, ಮಗನದು ಕೋಕಿಲೋದಯ! ಮೂರೇ ತಲೆಮಾರಿನಲ್ಲಿ ಎಷ್ಟು ದೂರ ಬಂದರು ನೋಡಿ. ಇವತ್ತು ತೇಜಸ್ವಿ ಅನ್ನೋ ಹೆಸರು ಯಾರಿಗೂ ಹೊಸದು ಅನಿಸುವುದಿಲ್ಲ.

ನಿಜವಾಗಿ ನೋಯಿಸುವ ಹೆಸರು ಬೇರೆ ಇವೆ. ಸಾಲಾಗಿ ಹೆಣ್ಣು ಹುಟ್ಟಿದರೆ ‘ಇನ್ನು ಸಾಕು’ ಅಂತ ಸಾಕಮ್ಮ. ಮಹಾರಾಷ್ಟ್ರದಲ್ಲಿ ‘ನಕುಶಿ’, ಅಂದರೆ ಬೇಡವಾದವಳು. 2011ರ ಅಕ್ಟೋಬರಿನಲ್ಲಿ ಸಾತಾರಾದಲ್ಲಿ ಇಂಥ 285 ಹೆಣ್ಣುಮಕ್ಕಳಿಗೆ ಸರ್ಕಾರವೇ ಕಾರ್ಯಕ್ರಮ ಮಾಡಿ ಹೊಸ ಹೆಸರು ಕೊಟ್ಟಿತು. ಮಗುವಿಗೆ ಹೆಸರು ಭಾರವಾಗುವುದು ಹೀಗೆ, ನೀನು ಬೇಡವಾಗಿದ್ದೆ ಅಂತ ದಿನಾ ನೆನಪಿಸಿದಾಗ. ನಿಮ್ಮ ಮಗಳ ಹೆಸರು ಅಂಥದ್ದಲ್ಲ.

ಶಾಲೆಯಲ್ಲಿ ಆಡಿಕೊಳ್ಳುತ್ತಾರಾ? ಹೌದು, ಸ್ವಲ್ಪ ದಿನ. ಮಕ್ಕಳು ಯಾವ ಹೆಸರನ್ನೂ ಬಿಡುವುದಿಲ್ಲ. ‘ಇಬ್ಬನಿ, ಇನ್ನೊಬ್ಬನಿ ಎಲ್ಲಿ?’ ಅಂತ ಒಬ್ಬ ಹುಡುಗ ಕೇಳೇ ಕೇಳುತ್ತಾನೆ. ಅಳುವ ದಿನ ‘ಇಬ್ಬನಿ ಕಂಬನಿ’ ಅಂತ ಪ್ರಾಸ ಕಟ್ಟುತ್ತಾರೆ. ಅದನ್ನು ನೀವೇ ಮನೆಯಲ್ಲಿ ಮೊದಲು ಹೇಳಿ ಅವಳ ಜೊತೆ ನಕ್ಕುಬಿಡಿ, ಶಾಲೆಯಲ್ಲಿ ಕೇಳಿದಾಗ ಅದು ಹಳೆಯದಾಗಿರುತ್ತದೆ. ನನ್ನ ಅನುಭವದಲ್ಲಿ ಹೊಸ ಹೆಸರಿನ ನಗು ಜೂನ್‌ನಲ್ಲಿ ಶುರುವಾದರೆ ದಸರಾ ರಜೆ ದಾಟುವುದಿಲ್ಲ. ಅಷ್ಟರಲ್ಲಿ ಆ ಹೆಸರಿಗೆ ಒಂದು ಮುಖ ಬಂದಿರುತ್ತದೆ.

ಮನೆಯಲ್ಲಿ ಮಾತ್ರ ಎಳೆದಾಟ ಮುಂದುವರಿಸಬೇಡಿ. ಹುಣಸೂರಿನ ಗಂಡ ಹೆಂಡತಿ ಮಗುವಿನ ಹೆಸರಿಗಾಗಿ ಮೂರು ವರ್ಷ ಜಗಳ ಆಡಿ, ಬೇರೆಯಾಗುವ ಮಟ್ಟಕ್ಕೆ ಹೋಗಿ, ಕೊನೆಗೆ 2024ರ ಡಿಸೆಂಬರಿನಲ್ಲಿ ನ್ಯಾಯಾಲಯದಲ್ಲೇ ಹೆಸರಿಡಿಸಿಕೊಂಡು ಹಾರ ಬದಲಾಯಿಸಿಕೊಂಡು ಮನೆಗೆ ಹೋದರು. ಒಂದಾದರಲ್ಲ ಅಂತ ಸಂತೋಷ ಆಯಿತು. ಆದರೆ ಮೂರು ವರ್ಷ ಆ ಕೂಸಿಗೆ ಎಲ್ಲರೂ ಒಪ್ಪಿದ ಹೆಸರೇ ಇರಲಿಲ್ಲವಲ್ಲ.

ಇನ್ನು ಕಾಗದ ಪತ್ರ. ಜನನ ನೋಂದಣಿ 21 ದಿನದ ಒಳಗೆ ಆಗಬೇಕು, ಅದು ಆಸ್ಪತ್ರೆಯಿಂದಲೇ ಆಗಿರುತ್ತದೆ, ಒಂದು ಸಲ ವಿಚಾರಿಸಿ. ಹೆಸರು ಆಗಲೇ ಕೊಡಬೇಕಿಲ್ಲ. ನೋಂದಣಿಯಾದ 12 ತಿಂಗಳ ಒಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಹಾಗಾಗಿ ಅವಸರ ಬೇಡ. ಒಮ್ಮೆ ಸೇರಿಸಿದ ಮೇಲೆ ಬದಲಾಯಿಸುವುದು ಮಾತ್ರ ದೊಡ್ಡ ಅಲೆದಾಟ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನ್ಮದಿನಾಂಕದ ದಾಖಲೆ ಅಂದರೆ ಜನನ ಪ್ರಮಾಣಪತ್ರವೇ. ಅದರಲ್ಲಿ ಬರೆದದ್ದೇ ಮುಂದೆ ಎಲ್ಲ ಕಡೆ ಹೋಗುತ್ತದೆ.

ಇಬ್ಬನಿ ಅಂತ ಒಂದೇ ಪದ ಬರೆಸಬೇಡಿ. ಅಪ್ಪನದೋ ಅಮ್ಮನದೋ ಹೆಸರು ಪೂರ್ತಿಯಾಗಿ ಜೊತೆಗಿರಲಿ, ಬರೀ ಇನಿಷಿಯಲ್ ಬೇಡ. 2022ರ ನವೆಂಬರಿನಲ್ಲಿ ಯುಎಇ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರು ಇದ್ದವರಿಗೆ ಭೇಟಿ ವೀಸಾದಲ್ಲಿ ಪ್ರವೇಶ ಇಲ್ಲ ಅಂದಿತು, ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ಆಗುತ್ತದೆ ಅಂತ ಸಡಿಲಿಸಿತು. ಗಲ್ಫಿಗೆ ಹೊರಟ ನಮ್ಮ ಎಷ್ಟೋ ಜನ ಆ ದಿನಗಳಲ್ಲಿ ಗಾಬರಿಯಾಗಿದ್ದರು. ಸಂಖ್ಯಾಶಾಸ್ತ್ರ ನೋಡಿ ಇಂಗ್ಲಿಷಿನಲ್ಲಿ ಒಂದು ಅಕ್ಷರ ಜಾಸ್ತಿ ಹಾಕಿ ಅಂತ ಯಾರಾದರೂ ಹೇಳಬಹುದು. ಬೇಡ. ಪ್ರತಿ ಕೌಂಟರಿನಲ್ಲೂ ಅದನ್ನು ವಿವರಿಸುತ್ತಾ ನಿಲ್ಲಬೇಕಾದವಳು ಅವಳು. ಐ, ಬಿ, ಬಿ, ಎ, ಎನ್, ಐ. ಅಷ್ಟೇ. ಆ ಎರಡನೇ ‘ಬಿ’ ಬಿಟ್ಟುಹೋಗುವ ಸಾಧ್ಯತೆ ಜಾಸ್ತಿ, ಒತ್ತಕ್ಷರ ಹೋದರೆ ಹೆಸರೇ ಕೆಟ್ಟಿತು. ಪ್ರಮಾಣಪತ್ರ ಅಚ್ಚಾಗುವ ಮೊದಲು ಪರದೆಯ ಮೇಲೆ ತೋರಿಸಿ ಅಂತ ಕೇಳಿ, ಕನ್ನಡದಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ ಅಕ್ಷರ ಅಕ್ಷರವಾಗಿ ಓದಿ, ಆಮೇಲೆ ಸಹಿ ಹಾಕಿ.